ಎಂಟನೆಯ ಧನ್ಯವಾದ

ನಂಬದಿದ್ದರೆ ಬಿಡಿ, ನನಗೇನೂ ನಷ್ಟವಿಲ್ಲ. ಏಳು ದೇಶದ ಮಾತು ಬಲ್ಲ ರಾಜನ ಬಾಯಿಯನ್ನು ನಾನು, ಕೆಂದಾಳದ ದ್ಯಾವಣ್ಣ, ಒಂದು ತಂಬಿಗೆಯಿಂದ ಮುಚ್ಚಿಸಿದ್ದೇನೆ. ಹೆಬ್ಬೆಟ್ಟಿನವನ ಜಂಬ ಅನ್ನುತ್ತೀರಾ? ಅನ್ನಿ. ನೀವು ಯಾವ ರಾಜನ ಬಾಯಿ ಮುಚ್ಚಿಸಿದ್ದೀರಿ?

ನಮ್ಮ ಸೋಮರಸ ಪ್ರಭುಗಳಿಗೆ ಹಡಗಿನ ವರ್ತಕರಿಂದ ಒಂದು ಹುಚ್ಚು ಹತ್ತಿತ್ತು. ಯಾವ ದೇಶದಲ್ಲಿ ಧನ್ಯವಾದಕ್ಕೆ ಏನನ್ನುತ್ತಾರೆ ಎಂದು ಕಲಿಯುವುದು. ಅದನ್ನು ಕಲಿತ ಮೇಲೆ ಬೇರೇನೂ ಕೊಡಬೇಕಾಗಿಲ್ಲ ಎಂಬುದನ್ನೂ ಕಲಿತರು. ಕೋಟೆಗೆ ಕಲ್ಲು ಹೊತ್ತವರಿಗೆ ‘ಶುಕ್ರನ್’. ಮಗಳ ಮದುವೆಗೆ ಮೂರು ದಿನ ಓಲಗ ಊದಿದವನಿಗೆ ‘ಒಬ್ರಿಗಾದು’. ಪಾಪ, ಅವನು ಅದು ಯಾವುದೋ ತಿಂಡಿ ಇರಬೇಕೆಂದು ಸಂಜೆಯವರೆಗೂ ಅಡುಗೆಮನೆ ಬಾಗಿಲಲ್ಲಿ ಕಾದ.

ಒಂದು ದಿನ ಅರಮನೆಯ ಅತಿಥಿಗಳಿಗೆ ಗಟ್ಟಿ ಮೊಸರು ಬೇಕಾಯಿತು. ನನ್ನ ಎಮ್ಮೆ ಬೆಳ್ಳಕ್ಕನನ್ನು ಹಿಡಿದುಕೊಂಡು ಹೋದರು. ನಮ್ಮ ಹಟ್ಟಿಯಲ್ಲಿ ಇದ್ದದ್ದು ಅವಳೊಬ್ಬಳೇ. ನಾನೂ ಹಿಂದೆಯೇ ಓಡಿದೆ.

ಪ್ರಭುಗಳು ಏಳು ಭಾಷೆಯಲ್ಲಿ ಧನ್ಯವಾದ ಹೇಳಿದರು.

“ಏಳನ್ನೂ ವಾಪಸ್ ತಗೊಳ್ಳಿ ಸ್ವಾಮಿ, ಎಮ್ಮೆ ಕೊಡಿ.”

“ನನಗೆ ಗೊತ್ತಿಲ್ಲದ ಎಂಟನೆಯದನ್ನು ತಾ, ಎಮ್ಮೆ ನಿನ್ನದು. ಅದೂ ನನಗೆ ಗೊತ್ತಿದ್ದರೆ, ವರ್ಷವಿಡೀ ನನ್ನ ಲಾಯದ ಸಗಣಿ ಬಾಚು.”

“ಎಂಟನೆಯದು ನಮ್ಮೂರಲ್ಲೇ ಇದೆ. ನಾಳೆ ತರ್ತೀನಿ.”

ಸಭೆಯೆಲ್ಲ ನಕ್ಕಿತು. ನಗಲಿ.

ಮರುದಿನ ಮನೆಯಲ್ಲಿ ಉಳಿದಿದ್ದ ಕೊನೆಯ ಬೆಣ್ಣೆಯನ್ನು ಹಾಲು ಕರೆಯುವ ತಂಬಿಗೆಗೆ ಹಾಕಿಕೊಂಡು, ರಾಜಮಾತೆಯವರೂ ಕೂತಿರುವ ಹೊತ್ತು ನೋಡಿ ಹೋದೆ. ಪ್ರಭುಗಳು ರೊಟ್ಟಿ ತರಿಸಿ, ತಂಬಿಗೆಯ ತಳ ಕಾಣುವವರೆಗೂ ತಿಂದರು.

“ಬೆಣ್ಣೆ ಚೆನ್ನಾಗಿತ್ತು. ಅಸಾಂತೆ,” ಎಂದು ತಂಬಿಗೆ ನನ್ನ ಕೈಗಿಟ್ಟರು.

ನಾನು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಬೋರಲು ಹಾಕಿ ಬಡಿದೆ.

“ಏನು ಹುಡುಕ್ತಿದ್ದೀಯೋ?”

“ಅಸಾಂತೆ ಎಲ್ಲಿ ಬಿತ್ತು ಅಂತ, ಸ್ವಾಮಿ.”

ರಾಜಮಾತೆ ಹುಬ್ಬು ಗಂಟಿಕ್ಕಿದರು. “ಸೋಮಾ, ಬೇರೆ ಮನೆಯ ಪಾತ್ರೆಯನ್ನ ಬರಿದಾಗಿ ಕೊಡ್ತಾರೇನೋ? ಒಂದು ಹಿಡಿ ಅಕ್ಕಿ, ಒಂದು ಚೂರು ಬೆಲ್ಲ, ಏನಾದರೂ ಹಾಕಿ ಕೊಡಬೇಕು.”

“ಅದೇ ಎಂಟನೆಯದು,” ಎಂದೆ ನಾನು. “ನಮ್ಮೂರಲ್ಲಿ ಧನ್ಯವಾದಕ್ಕೆ ನಾಲಿಗೆ ಅಲ್ಲಾಡಿಸಲ್ಲ. ಇದು ತಮಗೆ ಗೊತ್ತಿತ್ತೋ ಇಲ್ಲವೋ? ಗೊತ್ತಿರಲಿಲ್ಲ ಅಂದ್ರೆ ಎಮ್ಮೆ ನನ್ನದು. ಗೊತ್ತಿತ್ತು ಅಂದ್ರೆ, ಬರಿ ತಂಬಿಗೆ ಯಾಕೆ ಕೊಟ್ಟಿರಿ ಅಂತ ಅಮ್ಮನವರಿಗೆ ಹೇಳಿ.”

ಪ್ರಭುಗಳು ಒಮ್ಮೆ ತಾಯಿಯನ್ನು ನೋಡಿದರು, ಒಮ್ಮೆ ತಂಬಿಗೆಯನ್ನು ನೋಡಿದರು. “ಗೊತ್ತಿತ್ತು, ಮರೆತೆ. ಯಾರಲ್ಲಿ, ಇದಕ್ಕೆ ಅಕ್ಕಿ ತುಂಬಿ. ಆಮೇಲೆ ಇವನಿಗೆ ಲಾಯ ತೋರಿಸಿ.”

ಅಕ್ಕಿ ತುಂಬಿಸಿಕೊಂಡೆ. ಬಂದದ್ದನ್ನು ಬಿಡಲು ನಾನೇನು ದಡ್ಡನೇ?

“ಆದರೆ ಸ್ವಾಮಿ, ಇದು ಹಾಲಿನ ತಂಬಿಗೆ. ದಿನಕ್ಕೆರಡು ಸಲ ತುಂಬಬೇಕು, ತುಂಬುವವಳು ನಿಮ್ಮ ಲಾಯದಲ್ಲಿದ್ದಾಳೆ. ಲಾಯದ ಕೆಲಸದವನಾದರೇನು, ಬೆಳಿಗ್ಗೆ, ಸಂಜೆ ಬರಿ ತಂಬಿಗೆ ಹಿಡಿದು ಅಮ್ಮನವರ ಮುಂದೆ ಬಂದು ನಿಲ್ತೀನಿ. ವರ್ಷವಿಡೀ.”

ಮೊದಲು ನಕ್ಕವರು ರಾಜಮಾತೆ. ಮಗ ಏನೋ ಹೇಳಲು ಹೊರಟರು, ಪರದೇಶದ್ದೇ ಇರಬೇಕು.

“ಬಾಯಿ ಮುಚ್ಚು, ಹಗ್ಗ ಬಿಚ್ಚು,” ಎಂದರು ತಾಯಿ.

ಪ್ರಭುಗಳು ತಾವೇ ಎದ್ದು ಲಾಯಕ್ಕೆ ಹೋಗಿ ಬೆಳ್ಳಕ್ಕನ ಹಗ್ಗ ಬಿಚ್ಚಿದರು.

ಕೊನೆಗೆ ನನಗೆ ಸಿಕ್ಕಿದ್ದು ಇಷ್ಟು: ನನ್ನದೇ ಎಮ್ಮೆ, ಒಂದು ತಂಬಿಗೆ ಅಕ್ಕಿ.