ಮೇಣದಲ್ಲಿ ಒತ್ತಿದ ಅಂಗೈ

"ಗರಡಿಮನೆಗೆ ಕಾಲಿಡುವ ಪ್ರತಿಯೊಬ್ಬನೂ ಮೇಣದಲ್ಲಿ ಅಂಗೈ ಒತ್ತಿ ಅಚ್ಚು ಕೊಡತಕ್ಕದ್ದು! ಒಲ್ಲೆ ಎನ್ನುವವನು ಅರಸರ ಮೂರು ಒಗಟು ಬಿಡಿಸಲಿ. ಬಿಡಿಸಿದರೆ ಕೇಳಿದ್ದು ಸಿಗುವುದು, ತಪ್ಪಿದರೆ ತಲೆ ಹೋಗುವುದು!"

ಹೀಗೆಂದು ಹಿರೇಗಿರಿ ಪಟ್ಟಣದಲ್ಲಿ ಡಂಗುರ ಸಾರಿದರು. ಅರಸ ತಾನೇ ಮೊದಲು ಅಚ್ಚು ಕೊಟ್ಟು, ಅಚ್ಚಿಗೆ ಅಂಗೈ ಹೊಂದಿದರಷ್ಟೇ ತೆರೆಯುವ ಗರಡಿಮನೆಯಂಥ ಕದವನ್ನು ತನ್ನ ಮಲಗುವ ಕೋಣೆಗೂ ಹಾಕಿಸಿದ. ಪೈಲ್ವಾನರು ಒಬ್ಬೊಬ್ಬರಾಗಿ ಕೈ ಒತ್ತಿದರು.

ಉಳಿದವನು ಸಣ್ಣೈದ ಒಬ್ಬನೇ. ಅಖಾಡದ ಕೆಮ್ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಸಿನ ಬೆರೆಸಿ ಹದ ಮಾಡುವ ಬಡಪಾಯಿ. "ಎಲ್ರೂ ಕೊಟ್ಟವ್ರೆ, ನಿಂದೇನ್ಲಾ ದೊಡ್ಡಸ್ತಿಕೆ?" ಎಂದು ಕಾವಲುಗಾರ ದಿನವೂ ಗದರುತ್ತಿದ್ದ. ದೊಡ್ಡಸ್ತಿಕೆ ಎಲ್ಲಿಂದ ಬರಬೇಕು? ಅವನಿಗಿದ್ದದ್ದು ಬರೀ ಭಯ. ಗರಡಿಯ ಗುರುವಾದ ಮುದಿ ಉಸ್ತಾದರ ಕೈ ಗದೆ ತಿರುಗಿಸಿ ಜಡ್ಡುಗಟ್ಟಿ ತಮ್ಮದೇ ಅಚ್ಚಿಗೆ ಹೊಂದದೆ, ಅವರನ್ನು ಕಳ್ಳನೆಂದು ಸೆರೆಗೆ ತಳ್ಳಿದ್ದನ್ನು ಅವನು ಕಣ್ಣಾರೆ ಕಂಡಿದ್ದ.

ಕೊನೆಗೊಂದು ದಿನ ಅವನನ್ನು ಆಸ್ಥಾನಕ್ಕೆ ಎಳೆತಂದರು. ಬಹುಮಾನದ ಆಸೆಗೆ ಪರವೂರಿನಿಂದ ಬಂದ ಇಬ್ಬರು ಜಟ್ಟಿಗಳು ಅವನಿಗಿಂತ ಮುಂದೆ ನಿಂತಿದ್ದರು.

"ಕೊಟ್ಟರೂ ನನ್ನಲ್ಲೇ ಇರುತ್ತದೆ. ಆದರೆ ಕೊಟ್ಟ ಮೇಲೆ ನನಗೆ ನಿದ್ದೆಯಿಲ್ಲ. ಏನದು?" ಎಂದ ಅರಸ.

"ವಿದ್ಯೆ," ಎಂದ ಮೊದಲನೆಯವನು. ಅವನನ್ನು ಪರದೆಯ ಹಿಂದಕ್ಕೆ ಒಯ್ದರು. "ಮಾತು," ಎಂದ ಎರಡನೆಯವನು. ಅವನ ಕೂಗು ಅರ್ಧಕ್ಕೇ ನಿಂತಿತು.

ಸಣ್ಣೈದ ಕೈಮುಗಿದ. "ಗುಟ್ಟು, ಬುದ್ದಿ. ಇನ್ನೊಬ್ರ ಕೈಗೆ ಕೊಟ್ಮೇಲೆ ನಿದ್ದೆ ಎಲ್ಲಿ ಬತ್ತದೆ?"

ಅರಸ ತಲೆದೂಗಿದ. "ಹುಟ್ಟಿನಿಂದ ಬಂದ ಗುರುತು, ಬದಲಾಗದೆಂದು ಎಲ್ಲರೂ ನಂಬಿದ್ದಾರೆ. ದುಡಿಮೆ ಅದನ್ನು ದಿನವೂ ಅಳಿಸುತ್ತದೆ. ಯಾವುದು?"

"ಅಂಗೈ ಗೆರೆ, ಬುದ್ದಿ." ಸಣ್ಣೈದ ಸವೆದ ಕೈ ಚಾಚಿದ. "ದುಡ್ದಿದ್ದೊಂದೇ ನಮ್ ಉಸ್ತಾದ್ರು ಮಾಡಿದ್ ತಪ್ಪು."

ಉತ್ತರ ಅರಸನಿಗೆ ಮೊದಲೇ ಗೊತ್ತಿತ್ತು. ಆದರೂ ಉಸ್ತಾದರು ಸೆರೆಯಲ್ಲಿದ್ದರು. ಅರಸರ ಒಗಟೇ ಬೇರೆ, ಅರಸರ ಕಾನೂನೇ ಬೇರೆ.

ಮೂರನೆಯದಕ್ಕೆ ಅರಸನ ದನಿ ತಗ್ಗಿತು. "ನಿನ್ನೆ ನಾನು ಮಲಗಿದ್ದೆ. ನನ್ನ ಕೈ ನನ್ನ ಎದೆಯ ಮೇಲಿತ್ತು. ಅದೇ ಕೈ ಹೊರಗಿನಿಂದ ನನ್ನ ಕದ ತೆರೆಯಿತು. ಹೇಗೆ? ಇದರ ಉತ್ತರ ನನಗೂ ತಿಳಿಯದು."

ಸಣ್ಣೈದ ಅರಸನ ಬಲಗೈ ನೋಡಿದ. "ಮೇಣದ ಅಚ್ಚಿಗೆ ಜೇಡಿಮಣ್ಣು ಮೆತ್ತಿ ತೆಗುದ್ರೆ ಇನ್ನೊಂದು ಕೈ ಎದ್ದು ಬತ್ತದೆ, ಬುದ್ದಿ. ಅಚ್ಚು ಯಾರತ್ರ ಅದೋ, ಕೈನೂ ಅವರದೇಯ. ನಿಮ್ಮ ಅಚ್ಚು ಎಲ್ಲದೆ, ನೋಡ್ಸಿ."

ಭಟರು ಅಚ್ಚುಗಳನ್ನಿಟ್ಟ ಉಗ್ರಾಣಕ್ಕೆ ಓಡಿದರು. ಗರಡಿಯವರೆಲ್ಲರ ಅಚ್ಚುಗಳು ಸಾಲಾಗಿ ಇದ್ದವು. ಅರಸನ ಗೂಡು ಮಾತ್ರ ಖಾಲಿ.

ಸಣ್ಣೈದ ಕೇಳಿದ್ದು ಎರಡೇ: ಉಸ್ತಾದರ ಬಿಡುಗಡೆ, ಅಚ್ಚುಗಳಿಗೆ ಬೆಂಕಿ. ಅರಸ ಎರಡನ್ನೂ ಕೊಟ್ಟು, ಗರಡಿಮನೆಯ ಯಜಮಾನಿಕೆಯನ್ನೂ ಅವನಿಗೇ ವಹಿಸಿದ. ಕೊಪ್ಪರಿಗೆಯಲ್ಲಿ ಗರಡಿಯ ಅಂಗೈಗಳೆಲ್ಲ ಕರಗಿ ಒಂದಾದವು.

ಕಳುವಾದ ಅಚ್ಚು ಮಾತ್ರ ಸಿಗಲಿಲ್ಲ. ಅರಸ ತನ್ನ ಬಲಗೈಯನ್ನೇ ನೋಡುತ್ತ ಕುಳಿತಿದ್ದ. "ಕದ ಬೇರೆ ಮಾಡಿಸುತ್ತೇನೆ, ಬೀಗ ಬೇರೆ ಹಾಕಿಸುತ್ತೇನೆ. ಈ ಕೈಯನ್ನು ಏನು ಮಾಡಲಿ, ಸಣ್ಣೈದ?"

ಸಣ್ಣೈದನಿಗೆ ಅದರ ಉತ್ತರ ಗೊತ್ತಿರಲಿಲ್ಲ. ಪುಣ್ಯಕ್ಕೆ ಈ ಸಲ ಅರಸ ತಲೆ ಕೇಳಲಿಲ್ಲ.