ಕಾರ್ಡಷ್ಟ ಸುಟ್ಟೈತಿ

ಮಲಪ್ರಭೆಯ ದಂಡೆಯಲ್ಲೊಂದು ಆಶ್ರಮ. ಅಲ್ಲಿ ತತ್ವಪದ ಹಾಡುವ ಗುರುಸಿದ್ಧಜ್ಜ ಇದ್ದರು. ಅವರ ಹಾಡೆಂದರೆ ಸುತ್ತಲಿನ ಊರವರಿಗೆಲ್ಲ ಪಂಚಪ್ರಾಣ.

ಆ ಆಶ್ರಮದ್ದು ಒಂದು ಪದ್ಧತಿ. ಸಂಜೆ ದೀಪ ಹಚ್ಚಿ ಕುಳಿತಾಗ ಮೊದಲ ಸಾಲನ್ನು ಅಜ್ಜನೇ ಎತ್ತಿಕೊಡಬೇಕು, ಶಿಷ್ಯರು ಆಮೇಲೆ ದನಿಗೂಡಿಸಬೇಕು. ಅಜ್ಜ ಎತ್ತುವ ಮುಂಚೆ ಯಾರೂ ಬಾಯಿ ತೆರೆಯುವ ಹಾಗಿರಲಿಲ್ಲ.

ಹೀಗಿರುವಾಗ ಅಜ್ಜನ ಗಂಟಲಿಗೆ ಹುಣ್ಣಾಯಿತು. ಆಪರೇಷನ್ ಆಗಿ ಜೀವ ಉಳಿಯಿತು, ದನಿ ಹೋಯಿತು. ಉಳಿದದ್ದು ಬರೀ ಪಿಸುಮಾತು. ಅವತ್ತಿನಿಂದ ಶಿಷ್ಯರು ದೀಪ ಹಚ್ಚಿ, ಸುಮ್ಮನೆ ಕುಳಿತು, ಎದ್ದು ಹೋಗುತ್ತಿದ್ದರು.

ಶಿಷ್ಯೆ ನೀಲಗಂಗಾಗೆ ಮಾತ್ರ ಒಂದು ಧೈರ್ಯವಿತ್ತು. ದನಿಯಿದ್ದ ಕಾಲದಲ್ಲೇ ಅಜ್ಜನ ಹಾಡುಗಳನ್ನೆಲ್ಲ ರೆಕಾರ್ಡ್ ಮಾಡಿ ತನ್ನ ಮನೆಯ ಸರ್ವರ್‌ನಲ್ಲಿ ಇಟ್ಟಿದ್ದಳು. ಒಂದು ಡಿಸ್ಕ್ ಕೆಟ್ಟರೂ ಹಾಡು ಉಳಿಯಲೆಂದು ಹಲವು ಡಿಸ್ಕುಗಳನ್ನು ಜೋಡಿಸಿ, ಅವನ್ನು ನೋಡಿಕೊಳ್ಳಲು ಭಾರೀ ಕಂಟ್ರೋಲರ್ ಕಾರ್ಡನ್ನೇ ತಂದು ಕೂರಿಸಿದ್ದಳು. ಡಿಸ್ಕಿನ ಚಿಂತೆಯಲ್ಲಿ ಕಾರ್ಡಿನ ಚಿಂತೆ ಅವಳ ತಲೆಗೇ ಬರಲಿಲ್ಲ ನೋಡಿ.

ಸುಟ್ಟದ್ದು ಕಾರ್ಡೇ.

ಡಿಸ್ಕುಗಳೇನೋ ಗಟ್ಟಿಯಾಗಿದ್ದವು. ಆದರೆ ಬೇರೆ ಯಾವ ಕಾರ್ಡು ಹಾಕಿದರೂ ಒಳಗೆ ಏನೂ ಇಲ್ಲವೆಂದೇ ತೋರಿಸುತ್ತಿತ್ತು. ಇನ್ನೊಮ್ಮೆ ಹಾಡಿಸಿ ರೆಕಾರ್ಡ್ ಮಾಡೋಣವೆಂದರೆ ಅಜ್ಜನಿಗೆ ದನಿಯೆಲ್ಲಿದೆ? ಅನ್ನ ನೀರು ಬಿಟ್ಟು ಹುಬ್ಬಳ್ಳಿಯೆಲ್ಲ ತಿರುಗಿ, ಅಂಥದೇ ಹಳೆಯ ಕಾರ್ಡೊಂದನ್ನು ಪರಿಚಯದವರಿಂದ ಎರವಲು ತಂದಳು. ಅದನ್ನು ಹಾಕಿದ ಮೇಲೆ ಅಜ್ಜನ ದನಿ ಮತ್ತೆ ಕೇಳಿತು. ಸರ್ವರ್ ಮುಂದೆ ಕುಳಿತು ಮನಸಾರೆ ಅತ್ತಳು.

ಸಂಜೆ ಆಶ್ರಮಕ್ಕೆ ಹೋದಳು. ಅಜ್ಜ ತಮ್ಮ ಗದ್ದಿಗೆಯ ಮೇಲೆ ಏಕತಾರಿಯನ್ನು ತೊಡೆಗೊರಗಿಸಿಕೊಂಡು ಹೊಳೆ ನೋಡುತ್ತಿದ್ದರು.

ನಡೆದದ್ದನ್ನೆಲ್ಲ ಹೇಳಿ, ಎರವಲು ತಂದದ್ದನ್ನು ವಾಪಸ್ ಕೊಡಬೇಕು, ಹೊಸ ಕಾರ್ಡು ಕೊಳ್ಳಬೇಕು ಎಂದಳು. ಕಾರ್ಡಿನಲ್ಲಿ ಎರಡು ಬಗೆ. ಒಂದು ಸುಟ್ಟದ್ದರ ಹಾಗೆ ಬಲು ಜಾಣ, ಡಿಸ್ಕುಗಳನ್ನೆಲ್ಲ ತನ್ನ ರೀತಿಯಲ್ಲಿ ಕಟ್ಟಿಕೊಂಡು ತಾನೇ ಆಳುತ್ತದೆ. ಇನ್ನೊಂದು ಸಾದಾ, ಡಿಸ್ಕಿಗೂ ಸರ್ವರ್‌ಗೂ ನಡುವೆ ದಾರಿ ಮಾಡಿಕೊಟ್ಟು ಸುಮ್ಮನಿರುತ್ತದೆ. ಇಷ್ಟೆಲ್ಲ ಪಾಡು ಪಟ್ಟ ಮೇಲೂ ಅವಳ ಮನಸ್ಸೆಲ್ಲ ಜಾಣನ ಮೇಲೇ.

“ಇದು ಸುಟ್ಟದ್ದಕ್ಕಿಂತ ಗಟ್ಟಿ ಐತ್ರಿ ಅಜ್ಜಾರ. ತರಲೇನ್ರಿ?”

ಅಜ್ಜ ಪಿಸುಗುಟ್ಟಿದರು. “ಕಾರ್ಡು ಸುಟ್ಟಾಗ ಹಾಡೂ ಸುಟ್ಟಿದ್ದುವೇನು?”

“ಇಲ್ರಿ. ಡಿಸ್ಕಿನ್ಯಾಗ ಹಂಗ ಇದ್ದುವು.”

“ಮತ್ಯಾಕ ಕೇಳಲಿಲ್ಲ?”

“ಕಾರ್ಡು ತನಗಷ್ಟ ತಿಳಿಯೂ ಹಂಗ ಕಟ್ಟಿಟ್ಟಿತ್ರಿ. ಬ್ಯಾರೇದಕ್ಕ ಬಿಚ್ಚಾಕ ಬರಲಿಲ್ಲ.”

“ಸಾದಾದು ಸುಟ್ಟರ?”

ನೀಲಗಂಗಾಗೆ ಆಗ ಹೊಳೆಯಿತು. ಸಾದಾ ಕಾರ್ಡು ಸುಟ್ಟರೆ ಅಂಗಡಿಯಲ್ಲಿ ಸಿಕ್ಕ ಇನ್ನೊಂದು ಸಾದಾ ಕಾರ್ಡು ಹಾಕಿದರಾಯಿತು, ಹಾಡು ಸಿಗುತ್ತದೆ. ಗೊತ್ತಿದ್ದದ್ದೇ. ಗಟ್ಟಿ ಎಂಬ ಮಾತಿಗೆ ಮರುಳಾಗಿ ಮರೆತಿದ್ದಳು ಅಷ್ಟೇ.

ಎರವಲು ಕಾರ್ಡು ಇರುವಾಗಲೇ ಹಾಡುಗಳನ್ನೆಲ್ಲ ನಕಲು ಮಾಡಿಕೊಂಡು ಸಾದಾದನ್ನೇ ತರುತ್ತೇನೆಂದು ನಾಚಿಕೊಂಡು ಹೇಳಿದಳು. ಅಜ್ಜ ನಕ್ಕರು.

ಅಷ್ಟರಲ್ಲಿ ಶಿಷ್ಯರೆಲ್ಲ ಬಂದು ಕುಳಿತರು. ದೀಪ ಹಚ್ಚಿದ್ದಾಯಿತು. ಎಂದಿನಂತೆ ಎಲ್ಲರೂ ಮೌನ.

ನೀಲಗಂಗಾಗೆ ಈ ಮೌನ ಸಾಕಾಗಿತ್ತು. ಚೀಲದಿಂದ ಪುಟ್ಟ ಸ್ಪೀಕರ್ ತೆಗೆದು ಅಜ್ಜನ ಮುಂದೆ ಇಟ್ಟಳು.

“ಇನ್ನ ಚಿಂತಿ ಇಲ್ರಿ ಅಜ್ಜಾರ. ದಿನಾ ಇದರಾಗ ನಿಮ್ಮ ದನಿ ಹಚ್ಚತೀನಿ. ನೀವ ಎತ್ತಿಕೊಟ್ಟಂಗ ಆಗತೈತಿ.”

ಅಜ್ಜ ಆ ಸ್ಪೀಕರನ್ನು ಮಗುವಿನ ತಲೆ ಸವರಿದ ಹಾಗೆ ಸವರಿದರು. ಮೆಲ್ಲಗೆ ಅದನ್ನು ತಿರುಗಿ ಅವಳ ಚೀಲದಲ್ಲೇ ಇಟ್ಟರು.

ಆಮೇಲೆ ಗದ್ದಿಗೆ ಬಿಟ್ಟು ಎದ್ದರು. ಹಾಡಿನ ಹೊತ್ತಿನಲ್ಲಿ ಅವರು ಎದ್ದದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಶಿಷ್ಯರ ಸಾಲಿನಲ್ಲಿ ಜಾಗ ಮಾಡಿಕೊಂಡು ಕುಳಿತರು. ಏಕತಾರಿಯನ್ನು ನೀಲಗಂಗಾಳ ಮಡಿಲಿಗೆ ಹಾಕಿದರು.

ಅವಳ ಕಣ್ಣು ತುಂಬಿ ಬಂತು.

“ನೀವು ಎತ್ತದ ನಾವು ಹೆಂಗ ಹಾಡೂದ್ರಿ, ಅಜ್ಜಾರ?”

ಅಜ್ಜ ಅವಳ ಕಿವಿಯ ಹತ್ತಿರ ಬಾಗಿದರು.

“ಕಾರ್ಡಷ್ಟ ಸುಟ್ಟೈತಿ, ತಂಗಿ. ನೀ ಎತ್ತು.”