ಕೆರೆಯ ಕಲ್ಲಿನ ಸೇತುವೆ

"ಗುರುಗಳೇ, ಊರೂರಿಗೆ ಕಣಜ ಕಟ್ಟಿಸುವ ದೊಡ್ಡ ಆಜ್ಞೆ ನಾಳೆ ಅರಮನೆಯಿಂದ ಹೊರಡುತ್ತದೆ. ಬರೆಯುವವನು ನಾನೇ. ನಮ್ಮ ಮಠದ ಅಡುಗೆಮನೆಯ ಸೂರಿನ ದುರಸ್ತಿಯನ್ನೂ ನಡುವೆ ಒಂದು ಸಾಲಾಗಿ ಸೇರಿಸಿಬಿಡಲೇ? ಯಾರ ಕಣ್ಣಿಗೂ ಬೀಳುವುದಿಲ್ಲ" ಎಂದು ಅರಮನೆಯಲ್ಲಿ ಬರಹದ ಕೆಲಸಕ್ಕಿದ್ದ ಶಿಷ್ಯ ಕರಿಬಸವ ಕೇಳಿದ.

ಮಠದ ಅನ್ನ ಉಂಡು ಬೆಳೆದವನು ಅವನು. ಆ ಋಣ ತೀರಿಸುವ ಆಸೆ ಅವನಿಗೆ. ಅಂದಂದಿನ ಅಕ್ಕಿ, ಬೇಳೆ ಕೊಟ್ಟವರ ಹೆಸರು ಹೇಳಿ ಹರಸಿದ ಮೇಲೆಯೇ ತುತ್ತು ಎತ್ತುವುದು ಆ ಮಠದ ರೂಢಿ. ಗುರುಗಳು ನಕ್ಕು, ಅವನನ್ನು ಕೂರಿಸಿಕೊಂಡು ಕತೆ ಹೇಳಿದರು.

ಒಬ್ಬಳು ಕುಂಬಾರಗಿತ್ತಿ ಇದ್ದಳು. ಅವಳ ಊರಿನ ಮುಂದೆ ಒಂದು ಹಳ್ಳ. ಒಂದು ಮಳೆಗಾಲ ಸೊಸೆಗೆ ಹೆರಿಗೆ ನೋವು ಬಂದಾಗ ಹಳ್ಳ ಉಕ್ಕಿ ಹರಿದು, ಸೂಲಗಿತ್ತಿ ಆಚೆ ದಡದಲ್ಲೇ ಉಳಿದಳು. ಮಗು ಉಳಿಯಲಿಲ್ಲ. ಕುಂಬಾರಗಿತ್ತಿ ಮಂತ್ರಿಯ ಕಾಲು ಹಿಡಿದು ಒಂದು ಸೇತುವೆ ಬೇಡಿದಳು.

ಆಗ ದೂರದ ಊರೊಂದರ ಕೆರೆಯ ಏರಿ ಕಟ್ಟಿಸಲು ಅರಸನ ಆಜ್ಞೆ ಸಿದ್ಧವಾಗುತ್ತಿತ್ತು. ಮಂತ್ರಿ ಅದರೊಳಗೆ ಸೇತುವೆಯನ್ನು ಸೇರಿಸಿದ. ಅವನನ್ನು ನೋಡಿ ಒಬ್ಬ ಅಧಿಕಾರಿ ತನ್ನ ತೋಟದ ಗೋಡೆಯನ್ನು ಸೇರಿಸಿದ, ಇನ್ನೊಬ್ಬ ತನ್ನ ಕುದುರೆ ಲಾಯವನ್ನು. ಮಳೆಗಾಲ ತಲೆಯ ಮೇಲಿತ್ತು. ಒಂದು ಸಾಲು ಬೇಡವೆಂದರೆ ಕೆರೆಯೇ ಬೇಡವೆಂದಂತೆ. ಸಭೆ ಕಣ್ಣು ಮುಚ್ಚಿ ತಲೆಯಾಡಿಸಿತು.

ಸೇತುವೆಯಾಯಿತು. ಮುಂದಿನ ಮಳೆಯಲ್ಲಿ ಸೂಲಗಿತ್ತಿ ಹೊತ್ತಿಗೆ ಸರಿಯಾಗಿ ಬಂದಳು. ಮೊಮ್ಮಗಳ ಅಳು ಕೇಳಿ ಕುಂಬಾರಗಿತ್ತಿ ಅತ್ತಳು, ನಕ್ಕಳು, ಸೇತುವೆಯ ಕಲ್ಲಿಗೆ ಅರಿಶಿನ ಹಚ್ಚಿದಳು. ಕಲ್ಲಿಗೆ ಕೈಮುಗಿದರೆ ಸಾಲದು, ಕಲ್ಲು ಕೊಟ್ಟವರಿಗೂ ಮುಗಿಯಬೇಕು ಅನ್ನಿಸಿತು. ಕಲ್ಲು ಕೆರೆಯ ಊರಿನದು ಎಂದು ಅದನ್ನು ತಂದ ಅರಮನೆಯ ಗಾಡಿಯವರು ಹೇಳಿದ್ದರು. ತಾನು ಮಾಡಿದ ಹೊಸ ಮಡಕೆಗಳನ್ನು ಹೊತ್ತು ಅಲ್ಲಿಗೆ ಹೋದಳು.

ಅಲ್ಲಿ ಏರಿಯ ಒಂದು ಮೂಲೆ ತಗ್ಗಾಗಿಯೇ ಉಳಿದಿತ್ತು. ಒಬ್ಬ ರೈತ ಅಲ್ಲಿಗೆ ಮಣ್ಣು ತುಂಬುತ್ತಿದ್ದ. ಕುಂಬಾರಗಿತ್ತಿ ಅವನ ಮುಂದೆ ಮಡಕೆಯಿಟ್ಟು, "ನಿಮ್ಮೂರ ಕಲ್ಲಿನಿಂದ ನನ್ನ ಮೊಮ್ಮಗಳು ಬದುಕಿದಳು ಕಣಪ್ಪ. ನಿಮ್ಮ ಹೊಟ್ಟೆ ತಣ್ಣಗಿರಲಿ" ಎಂದಳು.

ರೈತ ಗುದ್ದಲಿ ಕೆಳಗಿಟ್ಟ. ಏರಿಗೆಂದು ಮನೆಗೊಂದು ಗಾಡಿಯಂತೆ ಊರೆಲ್ಲ ಕಲ್ಲು ಹೇರಿತ್ತು. ಆದರೂ ಏರಿಗೆ ಸಾಲಲಿಲ್ಲ. ಕದ್ದವನು ನೀನು, ನೀನು ಎಂದು ಊರಿನವರು ವರ್ಷವಿಡೀ ಕಿತ್ತಾಡಿದ್ದರು. ಇವನೂ ಪಕ್ಕದ ಮನೆಯ ಅಣ್ಣನೊಡನೆ ಮಾತು ಬಿಟ್ಟಿದ್ದ. ಕಲ್ಲು ಹೋದದ್ದೆಲ್ಲಿಗೆ ಎಂದು ಅವನಿಗೆ ಈಗ ತಿಳಿಯಿತು.

"ಮಗು ಚೆನ್ನಾಗಿದೆಯಾ, ತಾಯಿ?" ಎಂದು ಕೇಳಿದ. ಹೌದೆಂದಾಗ ಅವನ ಮುಖ ಅರಳಿತು. ಆಮೇಲೆ ಮೆಲ್ಲಗೆ, "ಬಂದು ಕೇಳಿದ್ದರೆ ನಾನೇ ಗಾಡಿ ಹೂಡಿಕೊಂಡು ಬರುತ್ತಿದ್ದೆನಲ್ಲ! ನಾನೂ ಕೊಟ್ಟೆ ಅನ್ನುವ ಸಂತೋಷವಾದರೂ ನನಗೆ ಸಿಗುತ್ತಿತ್ತು" ಎಂದ.

ಕುಂಬಾರಗಿತ್ತಿಗೆ ಎದೆ ತುಂಬಿ ಬಂತು. ಸೆರಗು ಬಿಗಿದು, ಅವನ ಜೊತೆ ಮಣ್ಣು ಹೊರಲು ನಿಂತಳು.

ಕತೆ ಮುಗಿಯಿತು. ಕರಿಬಸವ ಸೋರುವ ಸೂರನ್ನೊಮ್ಮೆ ನೋಡಿ, "ಆದರೂ ಮಗು ಉಳಿಯಿತಲ್ಲ, ಗುರುಗಳೇ?" ಎಂದ.

"ಉಳಿಯಿತು. ನೀನು ಹಾಕಿಸುವ ಸೂರೂ ಸೋರುವುದಿಲ್ಲ, ಕರಿಬಸವ. ಅದರ ಕೆಳಗೆ ಕೂತು, ತುತ್ತು ಎತ್ತುವ ಮುಂಚೆ, ಯಾರ ಹೆಸರು ಹೇಳಿ ಹರಸೋಣ?"